ಹಗಲು ಕರೆಂಟು ಬಂದ ಬೆಳಿಗ್ಗೆ

ಆ ಬೆಳಿಗ್ಗೆಯನ್ನು ನಿಧಾನವಾಗಿಯೇ ಹೇಳಬೇಕು. ಅವಸರ ಮಾಡಿದರೆ ನನಗೆ ಮೊದಲು ನೆನಪಾಗುವುದು ಆ ಸದ್ದು. ಉಳಿದದ್ದೆಲ್ಲ ಅದರ ಹಿಂದೆ ಮರೆಯಾಗಿಬಿಡುತ್ತದೆ.

ನಮ್ಮ ಜಮೀನಿರುವುದು ಮಲ್ಲಿಪಟ್ಟಣದ ಕಡೆ. ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ಹೆಚ್ಚಾಗಿ ರಾತ್ರಿಯೇ ಬರುತ್ತಿತ್ತು. ಅಣ್ಣ ಬಸ್ ಡ್ರೈವರ್. ಹಾಸನದಿಂದ ಹೊರಟರೆ ಎಷ್ಟೋ ದಿನ ನೈಟ್ ಹಾಲ್ಟ್. ಹಾಗಾಗಿ ಶುಂಠಿಗೆ ನೀರು ಕಟ್ಟುವ ಕೆಲಸ ಅತ್ತಿಗೆಯದು. ಕಳೆದ ವರ್ಷ ಒಂದು ರಾತ್ರಿ ಬದುವಿನ ಮೇಲೆ ಅವರಿಗೆ ಆನೆ ಎದುರಾಯಿತು. ಹಿಂದೆ ನಾನಿದ್ದೆ. ಆನೆ ಕಿವಿ ಬೀಸಿತು, ಸ್ವಲ್ಪ ಹೊತ್ತು ನಿಂತಿತು, ಆಮೇಲೆ ತಿರುಗಿ ಹೋಯಿತು. ಆಗಿದ್ದು ಅಷ್ಟೇ. ಆದರೆ ಅಂದಿನಿಂದ ಕತ್ತಲಾಗುತ್ತಿದ್ದಂತೆ ಅತ್ತಿಗೆಗೆ ಅನ್ನ ಗಂಟಲಿಗಿಳಿಯುತ್ತಿರಲಿಲ್ಲ. ಆದರೂ ಹೊಲಕ್ಕೆ ಹೋಗುವುದನ್ನು ಅವರು ಬಿಡಲಿಲ್ಲ. ಟಾರ್ಚ್ ಹಿಡಿದು ನಾನೂ ಹಿಂದೆ ಹೋಗುತ್ತಿದ್ದೆ.

ಕರೆಂಟ್ ಕಂಪನಿಯವರು ಸಬ್‌ಸ್ಟೇಷನ್ ಪಕ್ಕದ ಗೋಮಾಳದಲ್ಲಿ ಸಾಲು ಸಾಲು ಸೋಲಾರ್ ಪ್ಲೇಟು ನಿಲ್ಲಿಸಿ, ಇನ್ನು ಪಂಪ್‌ಸೆಟ್ಟಿಗೆ ಬಿಸಿಲಿನ ಕರೆಂಟು, ಹಗಲಲ್ಲೇ ಕೊಡುತ್ತೇವೆ ಎಂದಾಗ ಅತ್ತಿಗೆ ಅದನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿಕೊಂಡರು.

ಕಂಪನಿಯವರದು ಒಂದು ಷರತ್ತಿತ್ತು. ಎಲ್ಲರೂ ಆಟೋ ಸ್ಟಾರ್ಟರ್ ತೆಗೆಸಬೇಕು. ಕರೆಂಟು ಬಂದ ಕ್ಷಣವೇ ಮೋಟಾರನ್ನು ತಾನಾಗಿ ಓಡಿಸುವ ಪೆಟ್ಟಿಗೆ ಅದು. ಮೋಟಾರು ಶುರುವಾಗುವಾಗ ಓಡುವಾಗಿನದಕ್ಕಿಂತ ಬಹಳ ಹೆಚ್ಚು ಕರೆಂಟು ಎಳೆಯುತ್ತದೆ. ಎಲ್ಲವೂ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್, ನಮ್ಮವರ ಬಾಯಲ್ಲಿ ಟಿಸಿ, ತಡೆಯುವುದಿಲ್ಲ. ಲೈನ್‌ಮನ್ ಹೊಲದಿಂದ ಹೊಲಕ್ಕೆ ತಿರುಗಿ ಆಟೋಗಳನ್ನು ಕಿತ್ತರು, ಕರೆಂಟು ಪೋಲಾಗದಂತೆ ಕೆಪಾಸಿಟರ್ ಕೂರಿಸಿದರು. ಯಾರೂ ತಕರಾರು ತೆಗೆಯಲಿಲ್ಲ.

ಆ ದಿನ ಬಿಸಿಲೇರುವ ಮೊದಲೇ ಎಲ್ಲರೂ ಹೊಲದಲ್ಲಿದ್ದರು. ಹೊಸ ಲುಂಗಿ ಉಟ್ಟವರೂ ಇದ್ದರು. ನಾನು ಲೈನ್‌ಮನ್ ಜೊತೆ ಟಿಸಿಯ ಹತ್ತಿರ ನಿಂತಿದ್ದೆ. ಅವರು ಫೋನಿನಲ್ಲಿ ಸಬ್‌ಸ್ಟೇಷನ್ನಿನವರಿಗೆ "ಬಿಡಿ ಸಾ" ಎಂದರು. ಟಿಸಿ ಗುಂಯ್‌ಗುಟ್ಟಿತು. ಮರುಕ್ಷಣ ಢಮ್ಮೆಂದಿತು. ನೆತ್ತಿಯ ಮೇಲೆ ಕಿಡಿ ಹಾರಿತು. ನಾನು ಕೂತುಬಿಟ್ಟಿದ್ದೆ. ಸದ್ದು ಕೇಳಿ ಎಲ್ಲರೂ ಟಿಸಿಯತ್ತ ಓಡಿ ಬಂದರು, ಅತ್ತಿಗೆಯೂ.

ಆಟೋ ಇಲ್ಲವೆಂದು ಪ್ರತಿಯೊಬ್ಬರೂ ತಂತಮ್ಮ ಸ್ಟಾರ್ಟರ್ ಮುಂದೆ ಹಸಿರು ಗುಂಡಿಯ ಮೇಲೆ ಬೆರಳಿಟ್ಟು ಕಾದಿದ್ದರು. ಕರೆಂಟು ಬಂದು ಸ್ಟಾರ್ಟರಿನ ದೀಪ ಹತ್ತಿದ ಕೂಡಲೇ ಎಲ್ಲರೂ ಒಟ್ಟಿಗೇ ಒತ್ತಿದ್ದರು!

"ಆಟೋ ಕಿತ್ತಾಕುದ್ರೆ ನೀವೇ ಆಟೋ ಆಗ್ಬುಟ್ರಲ್ರೋ!" ಲೈನ್‌ಮನ್ ತಲೆ ಚಚ್ಚಿಕೊಂಡರು.

"ನಾನೊಬ್ನೇ ಅಂತ ಒತ್ತುದ್ನಪ್ಪಾ," ಎಂದರು ಟಿಸಿ ಪಕ್ಕದ ಹೊಲದ ಗೌಡರು.

"ಎಲ್ರೂ ಅಂಗೇ ಅನ್ಕಂಡವ್ರೆ ಕಣ ಗೌಡ್ರೇ!"

ಲೈನ್‌ಮನ್ ಲೈನ್ ಆಫ್ ಮಾಡಿಸಿ ಮೇಲೆ ಹತ್ತಿ ನೋಡಿದರು. ಹೋಗಿದ್ದು ಫ್ಯೂಸ್ ಮಾತ್ರ. ತಂತಿ ಕಟ್ಟಿ ಇಳಿದರು. "ಇನ್ನೊಂದ್ಸಲ ಇಂಗೆ ಮಾಡುದ್ರೆ ಟಿಸಿ ಒಳಗಿನ ಕಾಯಿಲ್ಲೇ ಸುಟ್ಟೋಯ್ತದೆ. ಹೊಸ ಟಿಸಿ ಬರೋಗಂಟ ಹಳೇ ಲೈನಿಂದ ಎಳ್ಕೊಡ್ಬೇಕು. ಮತ್ತೆ ರಾತ್ರಿ ಕರೆಂಟೇ."

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಗಂಡಸರ ನಡುವೆ ಮಾತಾಡದ ಅವರು ಅಂದು ಮುಂದೆ ಬಂದರು.

"ಕೆರೆ ನೀರ್ಗೆ ಸರತಿ ಇಲ್ವಾ? ಕಡೇ ಗದ್ದೆ ಮೊದ್ಲು, ತೂಬಿನತ್ರದ್ದು ಆಮೇಲೆ. ಕರೆಂಟ್ಗೂ ಅಂಗೇ ಮಾಡನ. ಒಬ್ರು ನೀರ್ ಬಂತು ಅಂತ ಕೂಗ್ಲಿ, ಆಮೇಲೆ ಮುಂದಿನೋರು ಒತ್ಲಿ."

"ಲೈನ್ನ ಕಡೇಲಿರೋದು ನಿನ್ ಮೋಟ್ರೇ ಅಲ್ವೇನಕ್ಕಾ!" ಯಾರೋ ಅಂದರು. ಎಲ್ಲರೂ ನಕ್ಕರು.

"ಊಂ ಕಣಪ್ಪಾ. ಅದ್ಕೇ ತಿರುಗ್ಸಿ ಮಾಡನ. ಟಿಸಿ ತಾವಿಂದ ಶುರು ಮಾಡಿ, ನಂದು ಕಡೇಗಿರ್ಲಿ. ಬೆಳಕಲ್ಲಿ ಬಂದ್ರೆ ಸಾಕು ನಂಗೆ."

ಎಲ್ಲರೂ ಒಪ್ಪಿದರು. ಅವರವರ ಹೊಲಕ್ಕೆ ಹೊರಟರು. ನಾನು ಅತ್ತಿಗೆಯ ಜೊತೆ ನಮ್ಮ ಹೊಲಕ್ಕೆ ಬಂದೆ.

ಮತ್ತೆ ಕರೆಂಟು ಬಂತು. ಮೊದಲ ಗುಂಡಿ ಗೌಡರದು. "ನೀರ್ ಬಂತೂ!" ಎಂಬ ಕೂಗು. ಎರಡನೆಯ ಮೋಟಾರು. ಮತ್ತೊಂದು ಕೂಗು, ಅದರಾಚೆ ಇನ್ನೊಂದು. ಕೂಗು ಬದುವಿನಿಂದ ಬದುವಿಗೆ ದಾಟುತ್ತ ಬರುತ್ತಿತ್ತು. ಪ್ರತಿ ಕೂಗಿಗೂ ನಾನು ತಿರುಗಿ ದೂರದ ಟಿಸಿಯನ್ನು ನೋಡುತ್ತಿದ್ದೆ. ಟಿಸಿ ತಡೆದುಕೊಂಡಿತ್ತು. ಪಕ್ಕದ ಹೊಲದಿಂದ ಕೊನೆಯ ಕೂಗು ಕೇಳಿದಾಗ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡರು, ಗುಂಡಿ ಒತ್ತಿದರು.

ಪೈಪು ಕೆಮ್ಮಿತು. ಗಾಳಿ ಉಗುಳಿತು. ಸ್ಪ್ರಿಂಕ್ಲರ್ ಜೆಟ್‌ಗಳು ಒಂದೊಂದಾಗಿ ತಿರುಗಿ ಶುಂಠಿಯ ಮೇಲೆ ನೀರು ಬಿಸಿಲಿನಲ್ಲಿ ಹರಡಿತು. ಅದೇ ಹೊಲ, ಅದೇ ನೀರು. ಆದರೆ ಅದು ಎಲ್ಲಿಯವರೆಗೆ ಬೀಳುತ್ತದೆ ಎಂಬುದನ್ನು ನಾವಿಬ್ಬರೂ ಅಷ್ಟು ಸ್ಪಷ್ಟವಾಗಿ ಕಂಡದ್ದು ಅದೇ ಮೊದಲು. ಅತ್ತಿಗೆ ಗಂಟಲು ಕಿತ್ತುಹೋಗುವಂತೆ ಕೂಗಿದರು. "ನೀರ್ ಬಂತ್ರಪ್ಪೋ!" ಮುಂದಿನ ಸರತಿ ಯಾರದೂ ಇರಲಿಲ್ಲ. ಆದರೂ ಕೂಗಿದರು.

ಆಮೇಲೆ ಬದುವಿನ ಮೇಲೆ ಕೂತು ನನ್ನತ್ತ ತಿರುಗಿದರು. "ನಾಳೆ ಅವಸರ ಬ್ಯಾಡ ಕಣಪ್ಪ. ರೊಟ್ಟಿ ತಿಂದ್ಕಂಡು ನಿಧಾನಕ್ಕೆ ಬರನ."