ಮೀಟರ್ ಮೇಸ್ತ್ರಿಗಳು ಸಡಿಲಿಸಿದ ತಂತಿ

ಬಸ್ಸಿನ ವಿದ್ಯುತ್ ಕೆಲಸವೆಂದರೆ ದೀಪ, ಹಾರನ್, ಸ್ಟಾರ್ಟರ್ ಇಷ್ಟೇ ಎಂದಿದ್ದ ಕಾಲದಿಂದ, ಹೊಗೆಯ ಬಿಸಿಯನ್ನೂ ಕಂಪ್ಯೂಟರ್ ಲೆಕ್ಕ ಹಿಡಿಯುವ ಈ ಕಾಲದವರೆಗೆ, ನಮ್ಮ ಈ ಒಂದೇ ಡಿಪೋದ ಒಂದೇ ವರ್ಕ್‌ಶಾಪಿನಲ್ಲಿ ಮೂವತ್ತಾರು ವರ್ಷ ದುಡಿದ ಹೆಡ್ ಎಲೆಕ್ಟ್ರಿಷಿಯನ್ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರಿದೆ. ವಿದ್ಯುತ್ ಅಳೆಯುವ ಮೀಟರ್ ಸದಾ ಕೈಯಲ್ಲಿರುವುದರಿಂದ ಡಿಪೋದವರ ಬಾಯಲ್ಲಿ ಅವರು ಮೀಟರ್ ಮೇಸ್ತ್ರಿಗಳು.

ಕೆಲಸಕ್ಕೆ ಸೇರಿದಾಗ, ಕರೆಂಟ್ ಬರುತ್ತಿದೆಯೇ ಎಂದು ನೋಡಲು ಅವರ ಕೈಯಲ್ಲಿದ್ದದ್ದು ವೈರು ಸುತ್ತಿದ ಒಂದು ಬಲ್ಬು ಮಾತ್ರ. ಐವತ್ತು ದಾಟಿದ ಮೇಲೆ ಸೆನ್ಸರುಗಳ ಬಸ್ಸು ಬಂದಾಗ ಜೊತೆಯವರು ಬೇರೆ ವಿಭಾಗ ಕೇಳಿಕೊಂಡು ಹೋದರು. ಮೇಸ್ತ್ರಿಗಳು ಮಗಳ ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದಿದ್ದ ಹಾಳೆಗಳ ಮೇಲೆ ನಕ್ಷೆ ಬರೆದುಕೊಂಡು ಕಲಿತರು. ತಂತಿ ಕಟ್ಟುವುದರಲ್ಲಂತೂ ಅವರದೇ ಕೈ. ಜಡೆ ಹೆಣೆದಷ್ಟು ಬಿಗಿಯಾಗಿ ಕಟ್ಟಿ, ಕೇಬಲ್ ಟೈ ಎಂಬ ಪ್ಲಾಸ್ಟಿಕ್ ಪಟ್ಟಿಯ ಬಾಲ ಕತ್ತರಿಸಿ, ಮುಂದೆ ಕೈ ಹಾಕುವವರಿಗೆ ಗೀರದಿರಲೆಂದು ಅದರ ತಲೆಯನ್ನು ಒಳಮುಖವಾಗಿ ತಿರುಗಿಸುತ್ತಿದ್ದರು. ಮನೆಯಲ್ಲಿ ಫ್ಯಾನು, ಮಿಕ್ಸಿಗಳ ವೈರೂ ಹೀಗೆಯೇ. ಒಂದು ಕಡೆ ಐದು ನಿಮಿಷ ನಿಂತರೆ ನನ್ನನ್ನೂ ಗೋಡೆಗೆ ಕಟ್ಟಿಬಿಡುತ್ತಾರೆ ಎಂದು ಅವರ ಮನೆಯವರು ಬಂದವರಿಗೆಲ್ಲ ಹೇಳುವುದುಂಟು.

ಗಂಡ ತೀರಿಕೊಂಡ ಮೂರನೇ ತಿಂಗಳಿಗೆ ಯುವತಿಯೊಬ್ಬಳು ಎಂಜಿನಿಯರಾಗಿ ಅವರ ವಿಭಾಗಕ್ಕೆ ಬಂದಳು. ಎಲ್ಲರೂ ಏನಾದರೊಂದು ಕೇಳಿದರು. ಮೇಸ್ತ್ರಿಗಳು ಏನನ್ನೂ ಕೇಳಲಿಲ್ಲ. ತಮ್ಮ ಎರಡನೇ ಮೀಟರನ್ನು ಅವಳ ಕೈಗಿತ್ತು, ಇದು ತೋರಿಸಿದ್ದನ್ನು ಬರಿ, ಅಷ್ಟು ಸಾಕು ಎಂದರು. ಅವಳಿಗೆ ಆಗ ಅಷ್ಟೇ ಸಾಧ್ಯವಿತ್ತು.

ಕಳೆದ ವರ್ಷ ಒಂದು ಬಸ್ಸು ಏರುರಸ್ತೆಯಲ್ಲಿ ಮತ್ತೆ ಮತ್ತೆ ಸೋಲತೊಡಗಿತು. ಡೀಸೆಲ್ ಹೊಗೆಯ ಮಸಿಯನ್ನು ಹಿಡಿಯುವ ಜರಡಿಯೊಂದು ಹೊಗೆಕೊಳವೆಯಲ್ಲಿರುತ್ತದೆ. ಅಲ್ಲಿ ಬಿಸಿ ಎಷ್ಟಿದೆಯೆಂದು ಸೆನ್ಸರ್ ತಿಳಿಸಿದರೆ ಮಾತ್ರ ಕಂಪ್ಯೂಟರ್ ಮಸಿಯನ್ನು ಸುಡಿಸುತ್ತದೆ. ಇಲ್ಲವಾದರೆ ಮಸಿ ಕಟ್ಟಿಕೊಂಡು ಎಂಜಿನ್ನಿನ ಶಕ್ತಿ ಇಳಿಯುತ್ತದೆ. ಆ ಎಂಜಿನಿಯರ್ ಎರಡು ತಿಂಗಳಲ್ಲಿ ಮೂರು ಸೆನ್ಸರ್ ಬದಲಾಯಿಸಿದಳು. ಪ್ರತಿಸಲವೂ ತಂತಿಯನ್ನು ಅಳೆದು 'ಸರಿಯಿದೆ' ಎಂದು ಬರೆದಳು. ಮೀಟರ್ ಹಾಗೆಯೇ ತೋರಿಸಿತ್ತು.

ದೋಷ ಬರುತ್ತಿದ್ದದ್ದು ಏರಿನ ದಾರಿಗೆ ಹೋಗುತ್ತಿದ್ದ ಒಬ್ಬನೇ ಡ್ರೈವರನ ಪಾಳಿಯಲ್ಲಿ. ಅವನ ದಪ್ಪ ಮೀಸೆಯ ದೆಸೆಯಿಂದ ಎಲ್ಲರೂ ಅವನನ್ನು ಮೀಸೆಯಣ್ಣ ಎನ್ನುತ್ತಿದ್ದರು. ಏರಿನ ದಾರಿ ತಪ್ಪಿಸಿಕೊಳ್ಳಲು ಇವನೇ ತಂತಿ ಎಳೆಯುತ್ತಾನೆಂದು ಮ್ಯಾನೇಜರ್ ನೋಟಿಸ್ ಕೊಟ್ಟರು. ಸೋಮವಾರ ವಿಚಾರಣೆ, ಕೆಲಸದಿಂದ ತೆಗೆಯುವ ಮಾತೂ ಹಬ್ಬಿತ್ತು.

ಶನಿವಾರ ಬೆಳಿಗ್ಗೆ ಮೇಸ್ತ್ರಿಗಳು ಆ ಬಸ್ಸಿನ ಸೆನ್ಸರನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಅದರ ಎರಡು ತಂತಿಗಳನ್ನು ಒಂದು ತುಂಡು ವೈರಿನಿಂದ ಜೋಡಿಸಿದರು. ತಂತಿ ಸರಿಯಿದ್ದರೆ ಕಂಪ್ಯೂಟರ್ ಈಗ ಅತಿ ಹೆಚ್ಚಿನ ಬಿಸಿ ತೋರಿಸಬೇಕು, ತೋರಿಸಿತು. ಎಂಜಿನಿಯರ್ ಅಳೆದದ್ದೂ ಹೀಗೆ ನಿಂತ ಬಸ್ಸಿನಲ್ಲೇ. ಆದರೆ ಮೇಸ್ತ್ರಿಗಳು ಅಲ್ಲಿಗೆ ನಿಲ್ಲಲಿಲ್ಲ. ಬಸ್ಸು ನಿಂತಲ್ಲಿ ಕೆಡುವುದಿಲ್ಲ, ಏರಿನಲ್ಲಿ ಕೆಡುತ್ತದೆ ಎಂದುಕೊಂಡು, ಚಕ್ರಗಳಿಗೆ ದಿಮ್ಮಿ ಕೊಟ್ಟು, ಬ್ರೇಕ್ ಒತ್ತಿಹಿಡಿದು ಗೇರಿನಲ್ಲಿ ಎಂಜಿನ್ನಿಗೆ ಭಾರ ಕೊಡಲು ಮೀಸೆಯಣ್ಣನಿಗೆ ಹೇಳಿದರು. ಎಂಜಿನ್ ಒಂದು ಮಗ್ಗುಲಿಗೆ ವಾಲಿತು. ಪರದೆಯ ಮೇಲಿನ ಅಂಕಿ ಒಮ್ಮೆಲೇ ಕೆಳಗಿನ ತುದಿಗೆ ಬಿತ್ತು. ಸೆನ್ಸರೇ ಇಲ್ಲದಾಗಲೂ ದೋಷ ಬಂತೆಂದರೆ ಅದು ತಂತಿಯದು.

ಎಂಜಿನ್ನಿನಿಂದ ಚಾಸಿಗೆ ದಾಟುವ ಕಡೆ ತಂತಿ ವೀಣೆಯ ತಂತಿಯಂತೆ ಬಿಗಿದುಕೊಂಡಿತ್ತು. ಎಂಜಿನ್ ವಾಲಿದಾಗಲೆಲ್ಲ ಎಳೆದೂ ಎಳೆದೂ ಹೊರಗಿನ ರಬ್ಬರು ಹಾಗೆಯೇ ಇದ್ದು, ಒಳಗೆ ತಾಮ್ರ ತುಂಡಾಗಿತ್ತು. ಅದನ್ನು ಬಿಗಿದಿದ್ದ ಟೈಯ ತಲೆ ಒಳಮುಖವಾಗಿತ್ತು. ಕಿವಿಯೆರಡೂ ಕಾದುಹೋದವು ಎಂದು ಆಮೇಲೆ ಮೇಸ್ತ್ರಿಗಳೇ ಹೇಳಿಕೊಂಡಿದ್ದಾರೆ. ಸುತ್ತ ನಿಂತವರಿಗೆಲ್ಲ ಆ ಕೈ ಯಾರದೆಂದು ಗೊತ್ತಿತ್ತು.

ಎಂಜಿನಿಯರ್ ರಿಜಿಸ್ಟರ್ ತೆರೆದಳು.

"ತಂತಿ ತುಂಡಾಗಿದೆ ಅಂತ ಬರೆದ್ರೆ ಸಾಕಲ್ವಾ ಸರ್?"

"ಸಾಕಾಗಲ್ಲಮ್ಮ. ತುಂಡಾಗಿದೆ ಅಂದ್ರೆ ಇವನೇ ಎಳೆದು ತುಂಡು ಮಾಡ್ದ ಅಂತಾರೆ. ಕಟ್ಟಿದ್ದು ಯಾರು ಅಂತ ಬರಿ."

ಅವಳ ಪೆನ್ನು ಏಳಲಿಲ್ಲ. ಮೀಸೆಯಣ್ಣ ಬಸ್ಸಿನಿಂದ ಇಳಿದು ಬಂದು, ತಡವರಿಸುತ್ತ ಹೇಳಿದ: "ಬೇಡಿ ಮೇಸ್ತ್ರಿಗಳೇ. ಇನ್ನೊಂದು ವರ್ಷಕ್ಕೆ ಮನೆಗೆ ಹೋಗೋರು ನೀವು. ಪಿಂಚಣಿಗೆ ಕಲ್ಲು ಹಾಕ್ತಾರೆ."

"ಹಾಕ್ಲಿ ಬಿಡೋ. ನಿನ್ನ ಮೀಸೆ ಇಳಿದಿರೋದನ್ನ ನೋಡೋಕಾಗ್ತಿಲ್ಲ ನಂಗೆ," ಎಂದು ಮೇಸ್ತ್ರಿಗಳು ರಿಜಿಸ್ಟರನ್ನು ತಾವೇ ಎಳೆದುಕೊಂಡರು. ಅಲುಗಾಟಕ್ಕೆ ಜಾಗ ಬಿಡದೆ ತಂತಿ ಬಿಗಿದದ್ದು ತಾನೆಂದೂ, ಡ್ರೈವರನ ಕೈ ಅಲ್ಲಿಗೆ ಹೋಗಿಲ್ಲವೆಂದೂ ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿದರು.

ಸೋಮವಾರ ನೋಟಿಸ್ ವಾಪಸಾಯಿತು. ಮೇಸ್ತ್ರಿಗಳಿಗೆ ಎಚ್ಚರಿಕೆಯ ಪತ್ರ ಬಂತು; ಪಿಂಚಣಿಗೆ ಏನೂ ಆಗಲಿಲ್ಲ. ಆ ಪತ್ರವನ್ನು ಅವರು ಪ್ರಶಸ್ತಿಪತ್ರಗಳ ಕಡತದಲ್ಲೇ ಇಟ್ಟಿದ್ದಾರೆ. ಹೊಸ ತಂತಿಯನ್ನು ಎರಡು ಬೆರಳು ಆಡುವಷ್ಟು ಸಡಿಲವಾಗಿ ಕಟ್ಟಿದ ಮೇಲೆ ಆ ಬಸ್ಸು ಏರಿನಲ್ಲಿ ಒಮ್ಮೆಯೂ ಸೋತಿಲ್ಲ. 'ಸರಿಯಿದೆ' ಎಂದು ಬರೆದಿದ್ದ ಎಂಜಿನಿಯರಿಗೆ ಅವರು ಬೈಯಲಿಲ್ಲ. ಮೀಟರ್ ಸುಳ್ಳು ಹೇಳಲಿಲ್ಲ, ನಿಂತಿರುವ ಬಸ್ಸಿನ ನಿಜ ಹೇಳಿತು, ಓಡಿಸಿಯೂ ಒಂದು ಮಾತು ಕೇಳಬೇಕಿತ್ತು ಎಂದರು. ಅಂದಿನಿಂದ ಅವಳು ಓಡಿಸಿಯೇ ಅಳೆಯುತ್ತಾಳೆ. ಗಂಡನನ್ನು ಕಳೆದುಕೊಂಡ ಅವಳಿಗೆ ಬೆಳಿಗ್ಗೆ ಮನೆಯಿಂದ ಹೊರಗೆ ಬರುವುದೂ ಈಗ ಸ್ವಲ್ಪ ಸುಲಭವಾಗಿದೆ.

ಆ ವಾರದಿಂದಲೇ ಮೇಸ್ತ್ರಿಗಳು ತಾವು ಕಟ್ಟಿದ ಐವತ್ತೆಂಟು ಬಸ್ಸುಗಳ ಪಟ್ಟಿ ಮಾಡಿ, ಒಂದೊಂದನ್ನೇ ಬಿಚ್ಚಿ ಸಡಿಲವಾಗಿ ಕಟ್ಟುತ್ತ ಬಂದರು. ನಲವತ್ತೇಳು ಮುಗಿದಿವೆ. ಉಳಿದ ಹನ್ನೊಂದು ಬಸ್ಸುಗಳನ್ನು ವರ್ಕ್‌ಶಾಪಿನ ನಾವು ಓಡಿಸಿ ತಂತಿ ಅಳೆದಿದ್ದೇವೆ, ಸದ್ಯಕ್ಕೆ ಚೆನ್ನಾಗಿವೆ. ಅವನ್ನು ಬಿಚ್ಚಿ ಕಟ್ಟಲು ನಿವೃತ್ತಿಯ ಮೇಲೂ ಅವರೇ ಬರಬೇಕೆಂದು ಮ್ಯಾನೇಜರರ ಒಪ್ಪಿಗೆ ಪಡೆದಿದ್ದೇವೆ: ತಿಂಗಳಿಗೆ ಒಂದು ಬಸ್ಸು, ಅವಸರವಿಲ್ಲ. ಅಷ್ಟರಲ್ಲಿ ಹೊಸ ಬಸ್ಸುಗಳೂ ಬಂದು ಪಟ್ಟಿಗೆ ಸೇರಿರುತ್ತವೆ. ಅವರ ಕಣ್ಣು, ಮೊಣಕಾಲು ಎರಡೂ ಬಹುಕಾಲ ಗಟ್ಟಿಯಾಗಿರಲಿ, ಆ ಪಟ್ಟಿ ಎಂದೂ ಪೂರ್ತಿಯಾಗದಿರಲಿ.