ಸ್ವಿಚ್ಚಿಗಿಟ್ಟ ಬೊಟ್ಟು

ಎದೆಯಲ್ಲಿ ಗಂಟು ಕೈಗೆ ಸಿಕ್ಕಿತೆಂದು ಹೋದಾಗ ಡಾಕ್ಟರು ಮೊದಲು ಕೇಳಿದ್ದು, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ ಅಂತ. ಅವ್ವನಿಗೆ, ಅಂದೆ. ಅವಳ ಎಡ ಎದೆಯನ್ನೇ ತೆಗೆಸಬೇಕಾಗಿ ಬಂದಿತ್ತು. ಆಮೇಲೆ ಕೆಲಸದ ಬಗ್ಗೆ ಕೇಳಿದರು. ದೊಡ್ಡನೆಕ್ಕುಂದಿಯಲ್ಲಿ ಆಫೀಸು, ಅಮೆರಿಕದವರ ಹಗಲಿಗೆ ನಮ್ಮ ಕೆಲಸ, ವರ್ಷಗಟ್ಟಲೆ ನೈಟ್ ಶಿಫ್ಟ್ ಅಂದೆ.

"ರಾತ್ರಿಯೆಲ್ಲ ಬೆಳಕಲ್ಲಿದ್ರೆ ಮೆಲಟೋನಿನ್ ಅನ್ನೋ ನಿದ್ದೆ ಹಾರ್ಮೋನು ಕಡಿಮೆಯಾಗುತ್ತೆ. ಅದಕ್ಕೂ ಈ ಕ್ಯಾನ್ಸರಿಗೂ ಸಂಬಂಧ ಇರಬಹುದು ಅಂತಾರೆ. ಖಚಿತವಾಗಿ ಹೇಳಕ್ಕಾಗಲ್ಲ. ರಿಪೋರ್ಟ್ ಬರಲಿ, ತಲೆ ಕೆಡಿಸ್ಕೋಬೇಡಿ."

ಇರಬಹುದಂತೆ, ತಲೆ ಕೆಡಿಸಿಕೊಳ್ಳಬಾರದಂತೆ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದನ್ನು ಡಾಕ್ಟರುಗಳಿಗೆ ಯಾರು ಕಲಿಸುತ್ತಾರೋ.

ಸೂಜಿ ಚುಚ್ಚಿ ತೆಗೆದ ಚೂರು ಲ್ಯಾಬಿಗೆ ಹೋಯಿತು. ನಾನು ಮನೆಯ ಬೆಳಕಿನ ಮೇಲೆ ಜಗಳಕ್ಕೆ ನಿಂತೆ. ಹಗಲು ಮಲಗುವ ಕೋಣೆಗೆ ದಪ್ಪ ಕಪ್ಪು ಪರದೆ ಹಾಕಿದೆ. ಕೋಣೆ ಕತ್ತಲಾದ ಮೇಲೆ ನೋಡಿದರೆ ವೈಫೈ ಡಬ್ಬಿಯಲ್ಲಿ ಹಸಿರು ಚುಕ್ಕೆ, ಎಸಿಯಲ್ಲಿ ನೀಲಿ, ಸ್ವಿಚ್‌ಬೋರ್ಡಿನಲ್ಲಿ ಕೆಂಪು. ಒಂದೊಂದೂ ನನ್ನನ್ನೇ ದಿಟ್ಟಿಸುತ್ತಿದೆ ಅನ್ನಿಸಿ ಭಯವಾಯಿತು. ಮುಚ್ಚಲು ಟೇಪು ಸಿಗಲಿಲ್ಲ. ರಾಣೆಬೆನ್ನೂರಿನಿಂದ ಬಂದಿದ್ದ ಅವ್ವನ ಬೊಟ್ಟಿನ ಪಾಕೀಟು ಕನ್ನಡಿಯ ಹತ್ತಿರ ಇತ್ತು. ಕ್ಯಾನ್ಸರ್ ಔಷಧಿ ತೊಗೊಂಡಾಗಿನಿಂದ ಅವಳಿಗೆ ಕುಂಕುಮ ತುರಿಸುತ್ತದೆ, ಹಾಗಾಗಿ ಅಂಟಿಸುವ ಬೊಟ್ಟು. ದೊಡ್ಡ ದೊಡ್ಡವನ್ನೇ ಆರಿಸಿ ಎಲ್ಲ ದೀಪಗಳಿಗೂ ಇಟ್ಟೆ. ಗಂಟಿನ ವಿಷಯ ಅವಳಿಗೆ ಹೇಳಿರಲಿಲ್ಲ. ರಿಪೋರ್ಟ್ ಬರುವ ತನಕ ಹೇಳಬಾರದೆಂದೇ ಇದ್ದೆ.

ಮಧ್ಯಾಹ್ನ ಚಹಾ ತಂದ ಅವ್ವ ಪರದೆ ಸರಿಸಿ ಗೋಡೆ ನೋಡಿದಳು.

"ಇದೇನವಾ, ಸ್ವಿಚ್ಚಿಗೂ ಮುತ್ತೈದಿತನ ಬಂತಲ್ಲ?"

ನನಗೆ ನಗು ಬರಲಿಲ್ಲ. ಬೆಳಕಿದ್ದರೆ ನಿದ್ದೆ ಕೆಡುತ್ತದಂತೆ, ನಿದ್ದೆ ಕೆಟ್ಟರೆ ಎದೆಯ ಕ್ಯಾನ್ಸರ್ ಬರಬಹುದಂತೆ, ಎಲ್ಲೋ ಓದಿದೆ ಅಂದೆ.

ಅವ್ವ ಮಂಚದ ತುದಿಗೆ ಕೂತಳು. "ಹೊತ್ತು ಮುಳುಗಿದ ಕೂಡ್ಲೆ ಉಂಡು ಮಲಗೋಳು ನಾನು. ಆಗ ಕರೆಂಟರ ಎಲ್ಲಿತ್ತು? ನನಗ್ಯಾಕ ಬಂತು ಮತ್ತ?"

ಬೊಟ್ಟು ಅಂಟಿಸಿ ಅಂಟಿಸಿ ಕೂಡಿಹಾಕಿದ್ದ ಧೈರ್ಯವೆಲ್ಲ ಇಳಿದುಹೋಯಿತು. ಕೈಯಲ್ಲಿದ್ದ ಲೋಟ ಓರೆಯಾಗಿ ಚಹಾ ಹಾಸಿಗೆಯ ಮೇಲೆ ಚೆಲ್ಲಿತು.

ಅವ್ವ ಬಯ್ಯಲಿಲ್ಲ. ಲೋಟ ಇಸಿದುಕೊಂಡು ಕೆಳಗಿಟ್ಟಳು.

"ಯಾವ ಕಡೆ?" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಅವಳ ಕೈ ಸೆರಗಿನ ಮೇಲೆ, ತನ್ನ ಖಾಲಿ ಎಡಗಡೆಗೆ ಹೋಗಿತ್ತು.

"ಅದೇ ಕಡೆ," ಅಂದೆ.