ರೂಮಕ್ಕನ ಮನೆಯ ಹಗಲು ಮಂಚ

ಆ ಊರಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ರೂಮಕ್ಕ ಎಂದೇ. ಹೆತ್ತವರು ಇಟ್ಟ ಹೆಸರು ಕಟ್ಟಿಕೊಂಡ ಗಂಡನಿಗೂ ತಟ್ಟನೆ ನೆನಪಾಗುತ್ತಿರಲಿಲ್ಲ. ಬಸ್ಸಿನಿಂದ ಇಳಿದವನು ಟ್ರಂಕು ಹೊತ್ತುಕೊಂಡು, ಇರುವುದಕ್ಕೆ ಜಾಗ ಸಿಗುತ್ತದೆಯೇ ಎಂದು ಯಾರನ್ನು ಕೇಳಿದರೂ ಅವರ ಕೈ ರೂಮಕ್ಕನ ಮನೆಯ ಕಡೆಗೇ ಏಳುತ್ತಿತ್ತು. ಅಷ್ಟರಮಟ್ಟಿಗೆ ಅವಳು ಊರಿಗೆಲ್ಲ ಬೇಕಾದವಳು. ಅವಳದೇ ಮನೆಯಲ್ಲಿ ಅವಳಿಗೆ ಕಾಲು ಚಾಚಲು ಜಾಗವಿರಲಿಲ್ಲ ಅನ್ನುವುದು ಬೇರೆ ಮಾತು.

ಗುಡ್ಡದೊಳಗೆ ಅದಿರಿದೆ ಎಂದು ಗೊತ್ತಾದ ಮೇಲೆ ಊರು ಊರಾಗಿ ಉಳಿಯಲಿಲ್ಲ. ಮೊದಲು ಅಳೆಯುವವರು ಬಂದರು, ಆಮೇಲೆ ಅಗೆಯುವವರು, ಅವರ ಹಿಂದೆಯೇ ಅವರಿಗೆ ಮಾರುವವರು. ರೂಮಕ್ಕನ ಗಂಡ ಸೈಕಲ್ ರಿಪೇರಿ ಮಾಡುತ್ತಿದ್ದವನು, ಸೈಕಲ್ಲಣ್ಣ ಎಂದರೆ ಮೂರು ಬೀದಿಗೆ ಗೊತ್ತು. ಕೈಯಲ್ಲಿ ಕಾಸು ಆಡತೊಡಗಿದ ಮೇಲೆ ಪೆಡಲ್ ತುಳಿಯುವವರಾದರೂ ಯಾರು? ಅಂಗಡಿಯ ಮಾಲೀಕ ಬಾಡಿಗೆ ಏರಿಸಿದ. ಸೈಕಲ್ಲಣ್ಣ ಪಾನಾ, ಪಂಪು ಎಲ್ಲ ಮನೆಗೆ ತಂದು ಅಟ್ಟಕ್ಕೆ ಹಾಕಿದ. ಗಣಿಗೆ ಕೆಲಸ ಕೇಳಿಕೊಂಡು ಹೋದರೆ ವಯಸ್ಸು ಕೇಳಿ ನಕ್ಕು ಕಳಿಸಿದರು. ಇತ್ತ ಅಕ್ಕಿಯಿಂದ ಹಿಡಿದು ಡಾಕ್ಟರ ಫೀಸಿನವರೆಗೆ ಎಲ್ಲದರ ಬೆಲೆಯೂ ಗಣಿಯವರ ಸಂಬಳ ನೋಡಿಯೇ ನಿಗದಿಯಾಗುತ್ತಿತ್ತು. ಗಣಿಯ ಸಂಬಳವಿಲ್ಲದವರಿಗೂ ಅದೇ ಬೆಲೆ. ಇದಕ್ಕೆ ಊರು ಉದ್ಧಾರವಾಗುತ್ತಿದೆ ಎಂದು ಹೆಸರು.

ಹೀಗಾಗಿ ಮುಂದಿನ ಕೋಣೆ ಬಾಡಿಗೆಗೆ ಹೋಯಿತು. ಅಲ್ಲಿ ಎರಡು ಮಂಚ, ನಾಲ್ಕು ಜನ: ಇಬ್ಬರು ಗಣಿಗೆ ಹೊರಟಾಗ ಇನ್ನಿಬ್ಬರು ಬಂದು ಅದೇ ಮಂಚದಲ್ಲಿ ಬಿದ್ದುಕೊಳ್ಳುವರು. ಒಬ್ಬಳೇ ಮಗಳು ನರ್ಸ್ ಕೆಲಸ ಸಿಕ್ಕಿ ದೂರದ ಊರಿಗೆ ಹೋದ ಮೇಲೆ ಒಳಗಿನ ಅವಳ ಕೋಣೆ ಸ್ಟೋರ್ ಕೀಪರನ ಪಾಲಾಯಿತು. ಕೊನೆಗೊಂದು ದಿನ ರಾತ್ರಿಪಾಳಿಯ ಕ್ರೇನ್ ಆಪರೇಟರ್ ಬಂದು, ಗಂಡಹೆಂಡಿರು ಮಲಗುವ ಪಕ್ಕದ ಚಿಕ್ಕ ಕೋಣೆಯೊಳಗೆ ಇಣುಕಿ ನೋಡಿದ.

"ಅಕ್ಕ, ನೀವು ಹೇಗೂ ಹಗಲು ಮಲಗಲ್ವಲ್ಲ. ಆ ಮಂಚ ಸುಮ್ನೆ ಬಿದ್ದಿರುತ್ತೆ."

ರೂಮಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಜೆ ಅಂಗಡಿಗೆ ಹೋಗಿ ಎಣ್ಣೆಯ ಬೆಲೆ ಕೇಳಿ ಬಂದ ಮೇಲೆ ಆ ಮಾತು ತಮಾಷೆಯಾಗಿ ಉಳಿದಿರಲಿಲ್ಲ.

ಅಂದಿನಿಂದ ಬೆಳಗಿನ ಜಾವದ ಸೈರನ್ ಕೂಗಿತೆಂದರೆ ಇಬ್ಬರೂ ಎದ್ದು, ತಮ್ಮ ಹಾಸು ಹೊದಿಕೆ ಸುತ್ತಿ, ಅವನ ಚಾದರ ಹಾಸಿ, ಕಿಟಕಿ ತೆರೆದು ಕಸ ಗುಡಿಸಿ ಹೊರಗೆ ಬಂದುಬಿಡಬೇಕು. ಅವಳ ಬಟ್ಟೆಬರೆಯ ಬೀರು ಅದೇ ಕೋಣೆಯಲ್ಲಿತ್ತು. ಬೆಳಿಗ್ಗೆ ಏನಾದರೂ ತೆಗೆದಿಟ್ಟುಕೊಳ್ಳಲು ಮರೆತರೆ ಸಂಜೆಯವರೆಗೆ ಅದಿಲ್ಲದೇ ಕಳೆಯಬೇಕು. ಮಧ್ಯಾಹ್ನ ತಲೆನೋವು ಬಂದರೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅಕ್ಕಿಡಬ್ಬಕ್ಕೆ ಒರಗುವಳು. ಸೈಕಲ್ಲಣ್ಣ ಬಚ್ಚಲಿನ ಮುಂದೆ ಟವೆಲ್ ಹೆಗಲಿಗೆ ಹಾಕಿ ತನ್ನ ಸರದಿಗೆ ಕಾಯುತ್ತ ಹೇಳುವನು, "ಈ ಮನೇಲಿ ಬಾಡಿಗೆ ಕೊಡದೆ ಇರೋರು ನಾವಿಬ್ರೇ ಕಣೇ. ನಮ್ಮನ್ನ ಯಾವಾಗ ಖಾಲಿ ಮಾಡಿಸ್ತೀಯ?"

ಮನೆ ಮಾರಿಬಿಡಿ ಎಂದು ಪುಕ್ಕಟೆ ಸಲಹೆ ಕೊಡುವವರಿಗೆ ಬರವಿರಲಿಲ್ಲ. ಮಾರಿದ ದುಡ್ಡಿಗೆ ಈ ಊರಿನಲ್ಲಿ ಇನ್ನೊಂದು ಮನೆ ಸಿಗುವುದಿಲ್ಲ, ಬೇರೆ ಊರಿಗೆ ಹೋದರೆ ಬಾಡಿಗೆದಾರರು ಸಿಗುವುದಿಲ್ಲ. ಗಂಡಹೆಂಡಿರು ಕೂತು ಯೋಚಿಸಿ ಯೋಚಿಸಿ, ಸುತ್ತಿ ಸುತ್ತಿ ಅದೇ ಅಡುಗೆಮನೆಗೆ ಬಂದು ನಿಲ್ಲುತ್ತಿದ್ದರು.

ಆದರೆ ರೂಮಕ್ಕನ ಕರುಳು ಮಿಡಿಯುತ್ತಿದ್ದುದು ತನ್ನ ಮಂಚಕ್ಕಾಗಿ ಅಲ್ಲ, ಮಗಳಿಗಾಗಿ. ಕಳೆದ ಸಲ ಬಂದಾಗ ಮಗಳು ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡಿದ್ದಳು. ಬಿಸಿನೀರಿಗೆಂದು ಬಂದ ಗಂಡಸರು ಅವಳನ್ನು ದಾಟಿಕೊಂಡೇ ಓಡಾಡಿದರು. ರಜೆ ಮುಗಿಯುವ ಮೊದಲೇ ಹೊರಟುಹೋದವಳು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಫೋನಿನಲ್ಲಿ ಯಾವಾಗ ಬರುತ್ತೀಯೆಂದು ಕೇಳಿದರೆ ಒಂದೇ ಮಾತು, "ನಾನು ಬಂದ್ರೆ ಎಲ್ಲಿ ಮಲಗ್ಲಮ್ಮ?" ಊರಿಗೆಲ್ಲ ಜಾಗ ಕೊಟ್ಟವಳು ಮಾತು ಬದಲಿಸಿ ಊಟವಾಯಿತೇ ಎಂದು ಕೇಳುವಳು.

ಅಷ್ಟರಲ್ಲಿ ಸ್ಟೋರ್ ಕೀಪರನಿಗೆ ವರ್ಗವಾಯಿತು. ಅವನು ಗಂಟುಮೂಟೆ ಕಟ್ಟಿದ್ದೇ ತಡ, ರೂಮಕ್ಕ ಒಳಕೋಣೆಯ ನೆಲ ತಿಕ್ಕಿ ತೊಳೆದು, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಫೋನು ಮಾಡಿದಳು.

"ನಿನ್ನ ರೂಮು ಖಾಲಿ ಇದೆ ಕಣೇ. ಬಾ."

"ನಿಜವಾಗ್ಲೂ?"

"ನಿನ್ನಾಣೆ."

ಮಗಳು ಒಂದು ವಾರ ರಜೆ ಹಾಕಿದಳು. ಸೈಕಲ್ಲಣ್ಣನೂ, "ಇರ್ಲಿ ಬಿಡು, ಒಂದು ರೂಮಿನ ಬಾಡಿಗೆ ಬರದಿದ್ರೆ ನಾವೇನು ಮುಳುಗಿಹೋಗಲ್ಲ," ಎಂದ. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ಇಬ್ಬರೂ ನಗುನಗುತ್ತಾ ಊಟ ಮಾಡಿದರು.

ಮರುದಿನವೇ ಕಂಟ್ರಾಕ್ಟರನ ಸೂಪರ್‌ವೈಸರ್ ಬಂದ. ಮುಂದಿನ ಕೋಣೆಯ ನಾಲ್ವರೂ, ಕ್ರೇನ್ ಆಪರೇಟರನೂ ಅವನ ಕಡೆಯ ಜನವೇ. ಅವರ ಬಾಡಿಗೆ ಅವನ ಕೈಯಿಂದಲೇ ಬರುತ್ತಿತ್ತು. ಕೆಟ್ಟ ಮನುಷ್ಯನೇನಲ್ಲ. ಚಪ್ಪಲಿ ಹೊರಗೆ ಬಿಟ್ಟು, ನೀರು ಕೇಳಿ ಕುಡಿದು, ಮೆಲ್ಲಗೆ ಮಾತು ತೆಗೆದ.

"ಒಳಗಿನ ರೂಮು ಖಾಲಿಯಂತೆ ಅಕ್ಕ. ಹೊಸ ಗುಂಡಿ ಶುರುವಾಗ್ತಿದೆ, ಮೂರು ಜನ ಡ್ರೈವರ್‌ಗಳು ನಾಳೆ ಇಳೀತಾರೆ."

"ಅದು ನನ್ನ ಮಗಳ ರೂಮು. ಕೊಡಲ್ಲ."

"ನನ್ನ ಕೈಲೇನೂ ಇಲ್ಲ. ನಮ್ಮ ಜನ ಎಲ್ಲ ಒಂದೇ ಕಡೆ ಇರ್ಬೇಕು ಅಂತ ಮೇಲಿನವರ ಹಟ. ರಸ್ತೆ ಆಚೆ ಮೂರಂತಸ್ತು ಎದ್ದಿದೆ ನೋಡಿದ್ರಲ್ಲ? ಇಲ್ಲಿ ಜಾಗ ಸಾಲದಿದ್ರೆ ಎಲ್ರನ್ನೂ ಅಲ್ಲಿಗೇ ಸಾಗಿಸ್ತಾರೆ."

"ಒಂದು ವಾರ ತಡೀರಪ್ಪ. ಒಂದೇ ವಾರ. ಅವಳು ಬಂದುಹೋಗ್ಲಿ."

"ಹುಡುಗರನ್ನ ಒಂದು ವಾರ ಬಸ್ ಸ್ಟ್ಯಾಂಡಲ್ಲಿ ಮಲಗಿಸ್ಲಾ ಅಕ್ಕ?" ಅವನು ನಿಜಕ್ಕೂ ಕೇಳುತ್ತಿದ್ದ.

ಆಗುವುದಿಲ್ಲ ಎಂದು ಅವಳು ಖಡಾಖಂಡಿತವಾಗಿ ಹೇಳಿ ಕಳಿಸಿದಳು. ಸಂಜೆಯವರೆಗೆ ಆ ಖಡಾಖಂಡಿತ ಉಳಿಯಿತು. ಮನೆಯೆಲ್ಲ ಒಮ್ಮೆಲೇ ಖಾಲಿಯಾದರೆ ಒಲೆ ಉರಿಯುವುದು ಹೇಗೆ? ಗಂಡನ ಮುಖ ನೋಡಿದಳು. ಅವನು ಅಂಗಳದ ಕಡೆ ತಿರುಗಿಕೊಂಡ. ದೀಪ ಹಚ್ಚುವ ಹೊತ್ತಿಗೆ ಅವಳೇ ಎದ್ದು ಹೋಗಿ, ಟೀ ಅಂಗಡಿಯಲ್ಲಿ ಕೂತಿದ್ದ ಸೂಪರ್‌ವೈಸರನ ಕೈಗೆ ಕೀಲಿ ಕೊಟ್ಟು ಬಂದಳು. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು, ಗಣಿಯನ್ನೂ ಬೈದಳು. ಬೈದು ಏನು ಬಂತು?

ಮಗಳಿಗೆ ಬರಬೇಡ ಎನ್ನಲು ಫೋನು ಎತ್ತಿಕೊಂಡವಳು ಹಾಗೇ ಕೆಳಗಿಟ್ಟಳು. ಈಗ ಬೇಡವೆಂದರೆ ಇನ್ನೆಂದೂ ಬರುವುದಿಲ್ಲ ಎಂಬ ಭಯ ಅವಳಿಗೆ. ಹೇಗೂ ರಾತ್ರಿ ನಮ್ಮ ಮಂಚವಿದೆಯಲ್ಲ, ಅಲ್ಲಿ ಅವಳು ಮಲಗಲಿ, ನಾವಿಬ್ಬರು ಅಡುಗೆಮನೆಯಲ್ಲಿ ಒರಗಿದರಾಯಿತು ಎಂದು ಸಮಾಧಾನ ಮಾಡಿಕೊಂಡಳು. ಮಂಚ ಹಗಲು ರಾತ್ರಿಯೆಂದು ಪಾಲಾಗಿ ಎಷ್ಟೋ ಕಾಲವಾಗಿದ್ದರಿಂದ, ಅದರಲ್ಲಿ ಏನಾದರೂ ಕೊರತೆ ಇದೆಯೆಂದು ಅವಳಿಗೆ ಹೊಳೆಯಲೇ ಇಲ್ಲ.

ಮಗಳು ಬಂದಳು. ಬ್ಯಾಗು ಹಿಡಿದುಕೊಂಡೇ ನೆಟ್ಟಗೆ ಒಳಕೋಣೆಯ ಬಾಗಿಲಿಗೆ ಹೋದಳು. ಹಗ್ಗದ ಮೇಲೆ ಮೂವರು ಗಂಡಸರ ಬನಿಯನ್ನುಗಳು ಒಣಗುತ್ತಿದ್ದವು. ಒಬ್ಬ ಕಾಲಮೇಲೆ ಕಾಲು ಹಾಕಿ ಮಲಗಿದ್ದವನು ಎದ್ದು ಕೂತ. ಅವಳು "ಸಾರಿ" ಎಂದು ಹಿಂದೆ ಸರಿದಳು. ಮುಖ ಊದಿಸಿಕೊಂಡಿದ್ದರೆ ರೂಮಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು, ನಾಲ್ಕು ಮಾತು ಬೈದಿದ್ದರೆ ಇನ್ನೂ. ಮಗಳು ಏನೂ ಕೇಳಲಿಲ್ಲ. ಅಪ್ಪನ ಜೊತೆ ಆಸ್ಪತ್ರೆಯ ಸುದ್ದಿ ಹೇಳುತ್ತ ಉಂಡಳು, ಅಮ್ಮ ತೋರಿಸಿದ ಮಂಚದಲ್ಲಿ ಮಲಗಿದಳು.

ರೂಮಕ್ಕನಿಗೆ ನಿದ್ದೆ ಹತ್ತಲಿಲ್ಲ. ಇದೊಂದು ದಿನ ಆ ಹಾಳು ಸೈರನ್ ಕೆಟ್ಟುಹೋಗಬಾರದೇ ಎಂದು ಹಂಬಲಿಸಿದಳು. ಅದು ಯಾಕೆ ಕೆಡುತ್ತದೆ? ಹೊತ್ತಿಗೆ ಸರಿಯಾಗಿ ಕೂಗಿತು.

"ಏಳು ಮಗಳೇ."

"ಇನ್ನೂ ಬೆಳಕೇ ಆಗಿಲ್ವಲ್ಲಮ್ಮ."

"ಅವನು ಬರೋ ಹೊತ್ತಾಯ್ತು ಕಣೇ. ಎದ್ದುಬಿಡು, ನನ್ನ ಚಿನ್ನ."

ಮಗಳು ಕಣ್ಣುಜ್ಜಿಕೊಂಡು ಎದ್ದು ನಿಂತಳು. "ನಮ್ಮ ಆಸ್ಪತ್ರೇಲಿ ಪೇಷಂಟ್‌ಗಳನ್ನೂ ಹೀಗೆ ಎಬ್ಬಿಸಲ್ಲ," ಎಂದು ನಕ್ಕಳು. ಆ ನಗು ಕೇಳಿ ರೂಮಕ್ಕನಿಗೆ ಹೋದ ಜೀವ ಬಂದಂತಾಯಿತು. ತಾನೂ ನಕ್ಕು, ಸರಸರನೆ ಮಗಳ ಹೊದಿಕೆ ತೆಗೆದು ಆಪರೇಟರನ ಚಾದರ ಕೊಡವಿ ಹಾಸತೊಡಗಿದಳು.

"ಈ ಮಂಚಕ್ಕೆ ಎಷ್ಟು ಕೊಡ್ತಾನಮ್ಮ?"

ರೂಮಕ್ಕ ಚಾದರದ ಅಂಚು ಸಿಕ್ಕಿಸುತ್ತಲೇ ಮೊತ್ತ ಹೇಳಿದಳು.

"ಊಟ ಸೇರಿಸಿ?"

"ಇಲ್ಲ, ಊಟ ಬೇರೆ. ಬಿಸಿನೀರಿಗೂ ಬೇರೆ."

"ಒಂದು ವಾರಕ್ಕೆ ಮಾತ್ರ ಬೇಕು ಅಂದ್ರೆ?"

"ವಾರದ ಲೆಕ್ಕಕ್ಕೆ ನಾವು ಕೊಡಲ್ಲ, ತಿಂಗಳಿಗಾದ್ರೆ..."

ರೂಮಕ್ಕ ತಲೆಯೆತ್ತಿ ನೋಡಿದಳು. ಮಗಳ ಮುಖದಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ಬಸ್ಸಿನಿಂದ ಇಳಿದು ಜಾಗ ಕೇಳುವವರು ಹೇಗೆ ಬಾಗಿಲಲ್ಲಿ ನಿಂತು ಕಾಯುತ್ತಾರೋ ಹಾಗೆ ನಿಂತಿದ್ದಳು. ರೂಮಕ್ಕನಿಗೆ ಓಡಿಹೋಗಿ ಅಪ್ಪಿಕೊಳ್ಳಬೇಕು, ಇದು ನಿನ್ನ ಮನೆ ಕಣೇ ಎನ್ನಬೇಕು ಅನ್ನಿಸಿತು. ಹೇಳುವ ಮುಖವೆಲ್ಲಿತ್ತು? ಮಗಳು ಕೂದಲು ಗಂಟು ಹಾಕಿ, ಮಂಚದ ಕೆಳಗಿದ್ದ ಬ್ಯಾಗನ್ನು ಎಳೆದುಕೊಂಡು ಹೆಗಲಿಗೇರಿಸಿದಳು.

ಅಂಗಳದಲ್ಲಿ ಬೂಟಿನ ಸದ್ದಾಯಿತು. ಧೂಳು ಮೆತ್ತಿದ ಕ್ರೇನ್ ಆಪರೇಟರ್ ಆಕಳಿಸುತ್ತ ಹೊಸ್ತಿಲಲ್ಲಿ ನಿಂತ.

"ಖಾಲಿ ಆಯ್ತಾ ಅಕ್ಕ?"

ಮಗಳು ಪಕ್ಕಕ್ಕೆ ಸರಿದು ಅವನಿಗೆ ದಾರಿ ಕೊಟ್ಟಳು, ಆಮೇಲೆ ಹೊರಗೆ ನಡೆದಳು.

"ಆಯ್ತಪ್ಪ," ಎಂದಳು ರೂಮಕ್ಕ, ದಿಂಬು ಸರಿಮಾಡುತ್ತ. "ಮಲಗು."